ವಾಹನಗಳ ಕೈಬ್ರೇಕಿನ ದೌರ್ಬಲ್ಯ: ಪರೀಕ್ಷೆ, ದುರಸ್ತಿ ಹಾಗೂ ಅರ್ಹತಾ ತಪಾಸಣೆಗೆ ಸಂಬಂಧಿಸಿದ ಮಾಹಿತಿ

ವಿಜಯನಗರ ಜಿಲ್ಲೆಯ ಹೂವಿನಹಡಗಲಿ ತಾಲ್ಲೂಕಿನ ಹೊಳಲು ಹಾಗೂ ಸುತ್ತಲಿನ ಗ್ರಾಮಗಳ, ಮತ್ತು ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ತಾಲ್ಲೂಕುಗಳ ವಾಹನ ಮಾಲೀಕರ ಮಾಹಿತಿಗಾಗಿ ಈ ಲೇಖನವನ್ನು ಪ್ರಕಟಿಸಲಾಗಿದೆ. ನೋಂದಣಿ ನವೀಕರಣ, ಅರ್ಹತಾ ಪತ್ರ ಅಥವಾ ಚಾಲನಾ ಅನುಜ್ಞಾಪತ್ರಕ್ಕಾಗಿ ಅರ್ಜಿ ಸಲ್ಲಿಸುವ ಪೂರ್ವದಲ್ಲಿ ಇದನ್ನು ಒಮ್ಮೆ ಓದಿಕೊಳ್ಳುವುದು ಅರ್ಜಿದಾರರಿಗೆ ಅನುಕೂಲಕರವಾಗಿರುತ್ತದೆ. ಹೊಳಲಿನಿಂದ ಹೊಸಪೇಟೆಯ ಪ್ರಾದೇಶಿಕ ಸಾರಿಗೆ ಕಚೇರಿಗೆ ವಾಹನವನ್ನು ಒಯ್ದು ಹಿಂದಿರುಗಲು ಒಂದು ಇಡೀ ದಿನ ಬೇಕಾಗುತ್ತದೆ. ಅಷ್ಟು ದೂರ ಹೋದ ಮೇಲೆ ಕೈಬ್ರೇಕು ಹಿಡಿಯುವುದಿಲ್ಲವೆಂಬ ಒಂದೇ ಕಾರಣಕ್ಕೆ ವಾಹನ ಹಿಂದಕ್ಕೆ ಬಂದರೆ ಡೀಸೆಲ್ ಖರ್ಚು, ಒಂದು ದಿನದ ದುಡಿಮೆ ಎರಡೂ ನಷ್ಟವಾಗುತ್ತವೆ. ನಷ್ಟದ ಲೆಕ್ಕದಲ್ಲಿ ಇದು ಚಿಕ್ಕ ಬಾಬ್ತು. ನದಿಯ ದಂಡೆಯ ಇಳಿಜಾರಿನಲ್ಲಿ ತೊಳೆಯಲು ನಿಲ್ಲಿಸಿದ ವಾಹನವು ತಾನಾಗಿ ಹೊರಟರೆ ಆಗುವುದನ್ನು ಯಾವ ಲೆಕ್ಕಕ್ಕೂ ಬರೆಯಲಾಗದು.

ಕೈಬ್ರೇಕಿನ ಕುರಿತು ಕಾನೂನಿನಲ್ಲಿರುವ ಅಂಶಗಳು

ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 96ರಂತೆ ಕಾರು, ಲಾರಿ ಮುಂತಾದ ವಾಹನಗಳು ಕಾಲಿನಿಂದ ಒತ್ತುವ ಬ್ರೇಕು ಹಾಗೂ ನಿಲುಗಡೆ ಬ್ರೇಕು ಎರಡನ್ನೂ ಹೊಂದಿರತಕ್ಕದ್ದು. ಒಂದು ವಿಫಲವಾದರೂ ಇನ್ನೊಂದು ಉಳಿಯಬೇಕೆಂಬುದು ಇದರ ಆಶಯ. ಕಾಲುಬ್ರೇಕು ಎಣ್ಣೆಯ ಒತ್ತಡದಿಂದ ಕೆಲಸ ಮಾಡಿದರೆ, ಸಾಮಾನ್ಯ ಕಾರುಗಳಲ್ಲಿ ಕೈಬ್ರೇಕು ಉಕ್ಕಿನ ಕೇಬಲ್ಲಿನ ಎಳೆತದಿಂದ ಕೆಲಸ ಮಾಡುತ್ತದೆ. ಬ್ರೇಕಿನ ಎಣ್ಣೆ ಪೂರ್ತಿ ಸೋರಿಹೋದರೂ ಕೇಬಲ್ಲು ಇರುತ್ತದೆ. ಆದ್ದರಿಂದ ಕೈಬ್ರೇಕನ್ನು ಕೇವಲ ನಿಲ್ಲಿಸುವಾಗಿನ ಅನುಕೂಲವೆಂದು ಭಾವಿಸಬಾರದು.

ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 126ರ ಮೇರೆಗೆ, ಚಾಲಕನ ಆಸನದಲ್ಲಿ ಅನುಜ್ಞಾಪತ್ರವುಳ್ಳ ವ್ಯಕ್ತಿ ಇಲ್ಲದಿರುವಾಗ ಸಾರ್ವಜನಿಕ ಸ್ಥಳದಲ್ಲಿ ವಾಹನ ನಿಲ್ಲಬೇಕಾದರೆ ಎಂಜಿನ್ ನಿಲ್ಲಿಸಿರಬೇಕು ಹಾಗೂ ಬ್ರೇಕು ಹಾಕಿರಬೇಕು, ಇಲ್ಲವೇ ವಾಹನವು ಆಕಸ್ಮಿಕವಾಗಿ ಚಲಿಸದಂತೆ ಬೇರೆ ಕ್ರಮ ಕೈಗೊಂಡಿರಬೇಕು. ದೋಷವಿದೆಯೆಂದು ತಿಳಿದೂ ವಾಹನವನ್ನು ರಸ್ತೆಗೆ ತಂದಲ್ಲಿ ಪ್ರಕರಣ 190 ಅನ್ವಯಿಸುತ್ತದೆ. 2019ರ ತಿದ್ದುಪಡಿಯ ನಂತರ ಇದಕ್ಕೆ 1,500 ರೂಪಾಯಿಗಳವರೆಗೆ ದಂಡವಿದ್ದು, ಆ ದೋಷದಿಂದ ಅಪಘಾತವಾಗಿ ಯಾರಿಗಾದರೂ ಗಾಯವಾದಲ್ಲಿ ಅಥವಾ ಸ್ವತ್ತಿಗೆ ಹಾನಿಯಾದಲ್ಲಿ ಮೂರು ತಿಂಗಳವರೆಗಿನ ಕಾರಾವಾಸ ಅಥವಾ 5,000 ರೂಪಾಯಿಗಳವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದಾಗಿದೆ. "ಹ್ಯಾಂಡ್ ಬ್ರೇಕ್ ಹಿಡಿಯುವುದಿಲ್ಲ, ಗೇರಿನಲ್ಲಿ ಬಿಟ್ಟು ಬಂದಿದ್ದೇನೆ" ಎಂದು ಹೇಳುವವರು ತಮಗೆ ದೋಷ ತಿಳಿದಿತ್ತೆಂದು ತಾವೇ ಒಪ್ಪಿಕೊಂಡಂತಾಗುತ್ತದೆ ಎಂಬುದನ್ನು ಗಮನಿಸುವುದು.

ಎಷ್ಟು ಹಿಡಿತವಿರಬೇಕು

ಒಂದು ಸಾವಿರ ಕಿಲೋ ತೂಕದ ಕಾರು, ನೂರು ಅಡಿ ದೂರಕ್ಕೆ ಇಪ್ಪತ್ತು ಅಡಿ ಏರುವ ಇಳಿಜಾರಿನಲ್ಲಿ ನಿಂತಾಗ ಸುಮಾರು 200 ಕಿಲೋ ಭಾರದಷ್ಟು ಬಲದಿಂದ ಕೆಳಕ್ಕೆ ಎಳೆಯುತ್ತದೆ. ಇಬ್ಬರು ಗಟ್ಟಿಮುಟ್ಟಾದ ಆಳುಗಳು ಎದುರಿಗೆ ನಿಂತು ತಡೆದರೂ ಅದು ನಿಲ್ಲಲಾರದು. ಪ್ರಯಾಣಿಕರ ಕಾರುಗಳಿಗಾಗಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ರೂಪುಗೊಂಡ 13-ಎಚ್ ಸಂಖ್ಯೆಯ ನಿಯಮಾವಳಿಯು, ಪೂರ್ಣ ಭಾರ ಹೊತ್ತ ಕಾರನ್ನು ಇಷ್ಟೇ ಇಳಿಜಾರಿನಲ್ಲಿ, ಅಂದರೆ ಶೇಕಡಾ 20ರಲ್ಲಿ, ಮೇಲ್ಮುಖವಾಗಿಯೂ ಕೆಳಮುಖವಾಗಿಯೂ ಕೈಬ್ರೇಕು ಹಿಡಿದಿಡಬೇಕೆಂದು ಹೇಳುತ್ತದೆ. ಅದಕ್ಕಾಗಿ ಕೈಯಿಂದ ಎಳೆಯುವ ಬಲ 400 ನ್ಯೂಟನ್, ಅಂದರೆ ಸುಮಾರು 40 ಕಿಲೋ ಮೀರಬಾರದು. ಸನ್ನೆಯನ್ನು ಎರಡೂ ಕೈಗಳಿಂದ ಜಗ್ಗಬೇಕಾದ ಸ್ಥಿತಿ ಬಂದಿದ್ದರೆ ಅದೇ ದೋಷವೆಂದು ತಿಳಿಯತಕ್ಕದ್ದು.

ಮನೆಯಲ್ಲಿಯೇ ಪರೀಕ್ಷಿಸುವ ಕ್ರಮ

ಮೊದಲು ಸನ್ನೆಯನ್ನು ನಿಧಾನವಾಗಿ ಮೇಲೆತ್ತುತ್ತಾ ಕಟಕಟ ಶಬ್ದವನ್ನು ಎಣಿಸಬೇಕು. ಎಷ್ಟು ಹಲ್ಲಿಗೆ ಹಿಡಿಯಬೇಕೆಂಬುದು ಪ್ರತಿ ವಾಹನದ ಕೈಪಿಡಿಯಲ್ಲಿ ನಮೂದಾಗಿರುತ್ತದೆ. ಕೈಪಿಡಿ ಕಳೆದುಹೋಗಿದ್ದಲ್ಲಿ, ಸನ್ನೆಯು ತನ್ನ ಚಲನೆಯ ಅರ್ಧದಷ್ಟು ಬರುವುದರೊಳಗೆ ಬಿಗಿಯಾಗಬೇಕೆಂದು ಸ್ಥೂಲವಾಗಿ ಇಟ್ಟುಕೊಳ್ಳಬಹುದು. ತುದಿಯವರೆಗೂ ಸಲೀಸಾಗಿ ಬಂದರೆ ಹೊಂದಾಣಿಕೆ ಅಗತ್ಯ. ಕೆಲವೇ ಹಲ್ಲುಗಳಿಗೆ ಬಿಗಿಯಾಗಿಯೂ ವಾಹನ ಜಾರುತ್ತಿದ್ದರೆ ದೋಷವು ಕೇಬಲ್ಲಿನ ಉದ್ದದಲ್ಲಿಲ್ಲ. ಲೈನರಿಗೆ ಎಣ್ಣೆ ತಗುಲಿರಬಹುದು ಅಥವಾ ಕೇಬಲ್ಲು ಕವಚದೊಳಗೆ ತುಕ್ಕು ಹಿಡಿದು ಸಿಕ್ಕಿಕೊಂಡಿರಬಹುದು.

ಅನಂತರ, ಜನಸಂಚಾರವಿಲ್ಲದ ಸಣ್ಣ ಇಳಿಜಾರಿನಲ್ಲಿ, ಚಕ್ರದಿಂದ ಒಂದು ಗೇಣು ಕೆಳಗೆ ದಪ್ಪ ಕಲ್ಲನ್ನಿಟ್ಟು, ಕಾಲುಬ್ರೇಕು ಒತ್ತಿ ಹಿಡಿದು ಕೈಬ್ರೇಕು ಎಳೆದು, ಗೇರನ್ನು ನ್ಯೂಟ್ರಲ್ ಮಾಡಿ ಕಾಲನ್ನು ನಿಧಾನವಾಗಿ ಸಡಿಲಿಸಬೇಕು. ವಾಹನವನ್ನು ತಿರುಗಿಸಿ ಮತ್ತೊಮ್ಮೆ ಹೀಗೆಯೇ ಮಾಡಬೇಕು. ಡ್ರಮ್ ಬ್ರೇಕುಗಳು ಒಂದು ದಿಕ್ಕಿನಲ್ಲಿ ಚೆನ್ನಾಗಿ ಹಿಡಿದು ಇನ್ನೊಂದು ದಿಕ್ಕಿನಲ್ಲಿ ಜಾರುವುದುಂಟಾದ್ದರಿಂದ ಎರಡೂ ದಿಕ್ಕಿನ ಪರೀಕ್ಷೆ ಅವಶ್ಯಕ. ಪರೀಕ್ಷೆಯ ಸಮಯದಲ್ಲಿ ವಾಹನದ ಹಿಂದೆ ಅಥವಾ ಮುಂದೆ ಯಾರೂ, ವಿಶೇಷವಾಗಿ ಮಕ್ಕಳು, ನಿಲ್ಲತಕ್ಕದ್ದಲ್ಲ.

ಹಿಂಚಕ್ರಗಳಲ್ಲಿ ಡ್ರಮ್ ಇರುವ ಕಾರುಗಳ ದುರಸ್ತಿ

ನಮ್ಮ ಭಾಗದ ಬಹುಪಾಲು ಕಾರು, ವ್ಯಾನುಗಳು ಈ ಬಗೆಯವು. ಇವುಗಳಲ್ಲಿ ಸಾಮಾನ್ಯವಾಗಿ ನಡೆಯುವ ತಪ್ಪೊಂದಿದ್ದು, ಅದನ್ನು ವಿವರವಾಗಿ ತಿಳಿಸುವುದು ಸೂಕ್ತ. ಕೈಬ್ರೇಕು ಸಡಿಲವಾಯಿತೆಂದು ಗ್ಯಾರೇಜಿಗೆ ಹೋದರೆ, ಸನ್ನೆಯ ಬುಡದಲ್ಲಿರುವ ನಟ್ಟನ್ನು ಪಾನಾ ಹಾಕಿ ನಾಲ್ಕು ಸುತ್ತು ಬಿಗಿಗೊಳಿಸಿ ಕಳುಹಿಸಲಾಗುತ್ತದೆ. ಐದು ನಿಮಿಷದ ಕೆಲಸ. ಸನ್ನೆ ಬಿಗಿಯಾಗುತ್ತದೆ, ಮಾಲೀಕರಿಗೂ ಸಮಾಧಾನವಾಗುತ್ತದೆ. ಆದರೆ ಸಡಿಲವಾಗಲು ಮೂಲ ಕಾರಣ ಕೇಬಲ್ಲು ಅಲ್ಲದಿರಬಹುದು. ಲೈನರು ಸವೆದು, ಬ್ರೇಕ್ ಶೂ ಮತ್ತು ಡ್ರಮ್ಮಿನ ನಡುವಿನ ಅಂತರ ಹೆಚ್ಚಿರುವುದರಿಂದ ಸನ್ನೆ ಹೆಚ್ಚು ದೂರ ಬರುತ್ತಿರುತ್ತದೆ. ಅಂತರವನ್ನು ಒಳಗಡೆ ಸರಿಪಡಿಸದೆ ಕೇಬಲ್ಲನ್ನು ಮಾತ್ರ ಎಳೆದುಕಟ್ಟಿದರೆ, ಶೂಗಳು ತಮ್ಮ ಮೂಲಸ್ಥಾನಕ್ಕೆ ಮರಳದೆ ಅರೆಬರೆ ತೆರೆದ ಸ್ಥಿತಿಯಲ್ಲಿ ನಿಲ್ಲುತ್ತವೆ. ಸವೆತಕ್ಕೆ ತಕ್ಕಂತೆ ತಾನೇ ಹೊಂದಿಕೊಳ್ಳುವ ಒಳಗಿನ ಹೊಂದಾಣಿಕೆ ವ್ಯವಸ್ಥೆಯೂ ಇದರಿಂದ ಕೆಲಸ ನಿಲ್ಲಿಸುತ್ತದೆ. ಆಮೇಲೆ ಕಾಲುಬ್ರೇಕಿನ ಪೆಡಲು ಕೆಳಗಿಳಿಯತೊಡಗುತ್ತದೆ, ಚಕ್ರ ಉಜ್ಜಿ ಬಿಸಿಯಾಗುತ್ತದೆ, ಮೈಲೇಜು ಕಡಿಮೆಯಾಗುತ್ತದೆ, ಕೆಲವು ತಿಂಗಳೊಳಗೆ ಕೈಬ್ರೇಕು ಮತ್ತೆ ಸಡಿಲ. ಎರಡನೆಯ ಬಾರಿಯೂ ನಟ್ಟನ್ನೇ ಬಿಗಿಗೊಳಿಸಿದರೆ ಒಂದು ಹಂತದಲ್ಲಿ ನಟ್ಟಿಗೆ ಬಿಗಿಗೊಳ್ಳಲು ಹುರಿಯೇ ಉಳಿದಿರುವುದಿಲ್ಲ. ಆದ್ದರಿಂದ ಮೊದಲು ಡ್ರಮ್ಮಿನ ಒಳಗೆ, ಕೊನೆಗೆ ಕೇಬಲ್ಲು ಎಂಬ ಕ್ರಮವನ್ನು ತಪ್ಪದೆ ಅನುಸರಿಸತಕ್ಕದ್ದು.

ಕೆಲಸವನ್ನು ಸಮತಟ್ಟಾದ ಗಟ್ಟಿ ನೆಲದ ಮೇಲೆ ಮಾಡಬೇಕು. ಹೊಂದಾಣಿಕೆಗಾಗಿ ಕೈಬ್ರೇಕನ್ನು ಬಿಡಲೇಬೇಕಾಗಿರುವುದರಿಂದ ವಾಹನವನ್ನು ಹಿಡಿದಿಡಲು ಬೇರೆ ವ್ಯವಸ್ಥೆ ಅಗತ್ಯ. ಮುಂಚಕ್ರಗಳೆರಡಕ್ಕೂ ಹಿಂದೆ ಮುಂದೆ ಕಲ್ಲು ಅಥವಾ ಮರದ ತುಂಡು ಕೊಟ್ಟು, ಮುಂಚಕ್ರಗಳಿಗೆ ಚಾಲನೆ ಇರುವ ಕಾರಾದರೆ ಗೇರಿನಲ್ಲಿಯೂ ಇಡಬೇಕು. ಜಾಕಿಯು ಎತ್ತುವುದಕ್ಕೆ ಮಾತ್ರ. ಎತ್ತಿದ ನಂತರ ಉಕ್ಕಿನ ಆಸರೆ ಸ್ಟ್ಯಾಂಡುಗಳ ಮೇಲೆ ಕಾರನ್ನು ಕೂರಿಸಬೇಕು. ಇಟ್ಟಿಗೆ, ಸಿಮೆಂಟಿನ ಬ್ಲಾಕುಗಳನ್ನು ಆಸರೆಗೆ ಬಳಸತಕ್ಕದ್ದಲ್ಲ. ಅವು ಸೀಳುವ ಮುನ್ನ ಸೂಚನೆ ಕೊಡುವುದಿಲ್ಲ.

ಸನ್ನೆಯನ್ನು ಪೂರ್ತಿ ಇಳಿಸಿ, ಕೇಬಲ್ಲಿನ ನಟ್ಟನ್ನು ಮೊದಲು ಸಡಿಲಗೊಳಿಸಬೇಕು. ಚಕ್ರ ಬಿಚ್ಚಿ ಡ್ರಮ್ಮನ್ನು ಹೊರತೆಗೆಯಬೇಕು. ಹಲವು ಡ್ರಮ್ಮುಗಳಲ್ಲಿ ಹುರಿ ಹಾಕಿದ ಎರಡು ರಂಧ್ರಗಳಿದ್ದು, ಅವುಗಳಿಗೆ ಸರಿಹೊಂದುವ ಬೋಲ್ಟುಗಳನ್ನು ಸಮನಾಗಿ ತಿರುಗಿಸಿದರೆ ಡ್ರಮ್ಮು ತಾನಾಗಿ ಹೊರಬರುತ್ತದೆ, ಸುತ್ತಿಗೆಯಿಂದ ಬಡಿಯುವ ಅಗತ್ಯವಿಲ್ಲ. ಒಳಗಿನ ಧೂಳನ್ನು ಬಾಯಿಂದಾಗಲಿ ಗಾಳಿಯ ಪಂಪಿನಿಂದಾಗಲಿ ಊದಬಾರದು. ಹಳೆಯ ಲೈನರುಗಳಲ್ಲಿ ಶ್ವಾಸಕೋಶಕ್ಕೆ ಮಾರಕವಾದ ಆಸ್ಬೆಸ್ಟಾಸ್ ಇರುವ ಸಂಭವವಿದ್ದು, ಒದ್ದೆ ಬಟ್ಟೆಯಿಂದ ಒರೆಸಿ ಆ ಬಟ್ಟೆಯನ್ನು ಕಟ್ಟಿ ಎಸೆಯುವುದು ಸರಿಯಾದ ವಿಧಾನ.

ಈಗ ನೋಡಬೇಕಾದುದು ಲೈನರಿನ ದಪ್ಪ. ಕೈಪಿಡಿಯಲ್ಲಿ ಹೇಳಿದ ಕನಿಷ್ಠ ಮಟ್ಟಕ್ಕೆ ಬಂದಿದ್ದರೆ ಎರಡೂ ಬದಿಯ ಶೂಗಳನ್ನು ಒಟ್ಟಿಗೆ ಬದಲಾಯಿಸಬೇಕು. ಡ್ರಮ್ಮಿನ ಗರಿಷ್ಠ ಒಳವ್ಯಾಸವು ಸಾಮಾನ್ಯವಾಗಿ ಡ್ರಮ್ಮಿನ ಮೇಲೆಯೇ ಅಚ್ಚಾಗಿರುತ್ತದೆ, ಅದನ್ನು ಮೀರಿ ಸವೆದ ಡ್ರಮ್ಮಿಗೆ ಹೊಸ ಶೂ ಹಾಕಿ ಪ್ರಯೋಜನವಿಲ್ಲ. ಲೈನರು ಎಣ್ಣೆಯಿಂದ ತೊಯ್ದಿದ್ದರೆ ವೀಲ್ ಸಿಲಿಂಡರು ಅಥವಾ ಆಕ್ಸಲಿನ ಆಯಿಲ್ ಸೀಲು ಸೋರುತ್ತಿರುತ್ತದೆ. ಸೋರಿಕೆ ನಿಲ್ಲಿಸಿದ ಮೇಲೆಯೇ ಹೊಸ ಶೂ ಹಾಕಬೇಕು. ಪೆಟ್ರೋಲಿನಲ್ಲಿ ತೊಳೆದು, ಉಪ್ಪುಕಾಗದ ಉಜ್ಜಿ ಅದೇ ಲೈನರನ್ನು ಮತ್ತೆ ಜೋಡಿಸುವ ಪದ್ಧತಿಯಿದ್ದು, ಹೀರಿಕೊಂಡ ಎಣ್ಣೆಯು ಬಿಸಿಯಾದಾಗ ಮತ್ತೆ ಮೇಲಕ್ಕೆ ಬರುತ್ತದೆಯಾದ್ದರಿಂದ ಅದನ್ನು ಒಪ್ಪಲಾಗದು.

ಎಲ್ಲವೂ ಸರಿಯಿದ್ದಲ್ಲಿ ಹಲ್ಲುಚಕ್ರದ ಹೊಂದಾಣಿಕೆಯನ್ನು ಸ್ಕ್ರೂಡ್ರೈವರಿನಿಂದ ಒಂದೊಂದೇ ಹಲ್ಲು ತಿರುಗಿಸಿ, ಡ್ರಮ್ಮು ಸ್ವಲ್ಪ ಉಜ್ಜುವವರೆಗೆ ತಂದು, ಉಜ್ಜುವುದು ನಿಲ್ಲುವಷ್ಟು ಮಾತ್ರ ಹಿಂದಕ್ಕೆ ಬಿಡಬೇಕು. ಡ್ರಮ್ಮು ಜೋಡಿಸಿ ಕಾಲುಬ್ರೇಕನ್ನು ಹತ್ತಾರು ಬಾರಿ ಒತ್ತಿದರೆ ಶೂಗಳು ತಮ್ಮ ಜಾಗದಲ್ಲಿ ಕೂರುತ್ತವೆ. ಕೊನೆಯಲ್ಲಿ ಕೇಬಲ್ಲಿನ ನಟ್ಟನ್ನು, ಕೈಪಿಡಿ ಹೇಳಿದಷ್ಟು ಹಲ್ಲಿಗೆ ಸನ್ನೆ ಬಿಗಿಯಾಗುವಂತೆ ತಿರುಗಿಸಬೇಕು. ಸನ್ನೆ ಇಳಿಸಿದಾಗ ಎರಡೂ ಹಿಂಚಕ್ರಗಳು ಕೈಯಿಂದ ಸಲೀಸಾಗಿ ತಿರುಗಬೇಕು. ತಿರುಗದಿದ್ದರೆ ನಟ್ಟು ಹೆಚ್ಚಾಗಿದೆಯೆಂದೇ ಅರ್ಥ. ಒಂದು ಚಕ್ರ ಹಿಡಿದು ಇನ್ನೊಂದು ತಿರುಗುತ್ತಿದ್ದರೆ ಆ ಬದಿಯ ಕೇಬಲ್ಲು ಕವಚದಲ್ಲಿ ಸಿಕ್ಕಿದೆ. ಮಳೆಗಾಲದಲ್ಲಿ ಎರೆಹೊಲದ ದಾರಿಯಲ್ಲಿ ಓಡಾಡುವ ವಾಹನಗಳಲ್ಲಿ ಹರಿದ ಕವಚದೊಳಗೆ ಕೆಸರು ಸೇರಿ ಹೀಗಾಗುವುದುಂಟು. ಎಣ್ಣೆ ಬಿಟ್ಟು ಕೆಲವು ದಿನ ಸಾಗಿಸಬಹುದಾದರೂ, ತುಕ್ಕು ಹಿಡಿದ ಕೇಬಲ್ಲನ್ನು ಬದಲಾಯಿಸುವುದೇ ಮಿತವ್ಯಯ.

ಸ್ಪೋರ್ಟ್ಸ್ ಕಾರುಗಳು ಹಾಗೂ ಹಿಂಚಕ್ರಕ್ಕೆ ಡಿಸ್ಕ್ ಇರುವ ಕಾರುಗಳು

ಸ್ಪೋರ್ಟ್ಸ್ ಕಾರುಗಳು ಈ ತಾಲ್ಲೂಕುಗಳಲ್ಲಿ ವಿರಳ. ಆದಾಗ್ಯೂ ಬೆಂಗಳೂರಿನಿಂದ ಊರಿಗೆ ಬರುವವರಲ್ಲಿಯೂ, ಹಳೆಯ ಕಾರುಗಳನ್ನು ಅಕ್ಕರೆಯಿಂದ ಇಟ್ಟುಕೊಂಡವರಲ್ಲಿಯೂ ಅವು ಇರುತ್ತವೆ. 1990ರ ದಶಕದ ಕೊನೆಯಲ್ಲಿ ಮಾರುಕಟ್ಟೆಗೆ ಬಂದ ಸ್ಯಾನ್ ಸ್ಟಾರ್ಮ್ ಎಂಬ ಫೈಬರ್ ಹೊದಿಕೆಯ ಎರಡಾಸನದ ದೇಶೀಯ ಕಾರನ್ನು ಕೆಲವರು ನೆನಪಿಟ್ಟಿರಬಹುದು. ಆ ಕಾಲದ ಕಾರುಗಳು ಹದಿನೈದು ವರ್ಷ ಪೂರೈಸಿದ್ದು, ರಸ್ತೆಯಲ್ಲಿರಬೇಕಾದರೆ ನೋಂದಣಿ ನವೀಕರಣದ ತಪಾಸಣೆಗೆ ಒಳಪಡಲೇಬೇಕು.

ಹಿಂಚಕ್ರಕ್ಕೆ ಡಿಸ್ಕ್ ಇರುವಲ್ಲಿ ಕೈಬ್ರೇಕು ಎರಡು ರೀತಿಯಲ್ಲಿ ಇರುತ್ತದೆ. ಪೋರ್ಷೆ 911ರಂಥ ಕಾರುಗಳಲ್ಲಿ ಡಿಸ್ಕಿನ ನಡುವಿನ ಟೊಪ್ಪಿಗೆಯಂಥ ಭಾಗದೊಳಗೆ ಚಿಕ್ಕ ಡ್ರಮ್ ಬ್ರೇಕೊಂದನ್ನು ಕೈಬ್ರೇಕಿಗಾಗಿಯೇ ಅಳವಡಿಸಿರುತ್ತಾರೆ. ಇದರ ಹೊಂದಾಣಿಕೆ ಮೇಲೆ ಹೇಳಿದ ಹಲ್ಲುಚಕ್ರದ ಕ್ರಮವೇ. ಇನ್ನೊಂದು ಬಗೆಯಲ್ಲಿ ಕೇಬಲ್ಲು ಕ್ಯಾಲಿಪರಿನ ಸನ್ನೆಯನ್ನು ಎಳೆದು ಪ್ಯಾಡುಗಳನ್ನು ಡಿಸ್ಕಿಗೆ ಒತ್ತುತ್ತದೆ. ಇಲ್ಲಿಯೂ ಮೊದಲು ಕ್ಯಾಲಿಪರು, ಆಮೇಲೆ ಕೇಬಲ್ಲು. ಉದಾಹರಣೆಗೆ, ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಎರಡಾಸನದ ಸ್ಪೋರ್ಟ್ಸ್ ಕಾರೆಂದು ಹೆಸರಾದ ಮಾಜ್ದಾ ಎಂಎಕ್ಸ್-5ರಲ್ಲಿ, 1989ರಿಂದ 2005ರವರೆಗಿನ ಮಾದರಿಗಳ ಹಿಂದಿನ ಕ್ಯಾಲಿಪರಿನ ಬೆನ್ನಿಗೆ ಬೋಲ್ಟೊಂದಿದ್ದು, ಅದನ್ನು ಬಿಚ್ಚಿದರೆ 4 ಮಿಲಿಮೀಟರಿನ ಆಲನ್ ಕೀ ಹಿಡಿಸುವ ತಿರುಪು ಕಾಣಿಸುತ್ತದೆ. ಪ್ಯಾಡು ಡಿಸ್ಕನ್ನು ಬಿಗಿಯಾಗಿ ಹಿಡಿಯುವವರೆಗೆ ಬಲಕ್ಕೆ ತಿರುಗಿಸಿ, ಮೂರನೇ ಒಂದು ಸುತ್ತು ಹಿಂದಕ್ಕೆ ಬಿಟ್ಟು ಬೋಲ್ಟನ್ನು ಮುಚ್ಚಿದರೆ ಆಯಿತು. ವರ್ಷಗಟ್ಟಲೆ "ಈ ಕಾರಿನ ಕೈಬ್ರೇಕೇ ಹೀಗೆ" ಎಂದು ಸಹಿಸಿಕೊಂಡವರ ಸಮಸ್ಯೆ ಅರ್ಧ ಗಂಟೆಯಲ್ಲಿ ಮುಗಿಯುವ ಸಂದರ್ಭಗಳಿವೆ. ಇನ್ನು ಕೆಲವು ಕಾರುಗಳ ಪಿಸ್ಟನ್ನು ಹುರಿಯುಳ್ಳದ್ದಾಗಿದ್ದು, ಹೊಸ ಪ್ಯಾಡು ಹಾಕುವಾಗ ಅದನ್ನು ತಿರುಗಿಸುತ್ತಾ ಒಳಕ್ಕೆ ಕಳುಹಿಸಬೇಕು. ಶಿಕಂಜದಿಂದ ಬಲವಂತವಾಗಿ ಒತ್ತಿದರೆ ಒಳಗಿನ ಸ್ವಯಂ ಹೊಂದಾಣಿಕೆ ಮುರಿಯುತ್ತದೆ. ಕ್ಯಾಲಿಪರಿನ ಸನ್ನೆಯೇ ತುಕ್ಕು ಹಿಡಿದು ಹಿಂದಕ್ಕೆ ಮರಳದಿದ್ದಲ್ಲಿ ಯಾವ ಹೊಂದಾಣಿಕೆಯೂ ನಿಲ್ಲದು, ಕ್ಯಾಲಿಪರನ್ನು ಬಿಚ್ಚಿ ದುರಸ್ತಿ ಮಾಡಿಸಬೇಕಾಗುತ್ತದೆ.

ಈ ಬಗೆಯ ಕಾರುಗಳ ಮಾಲೀಕರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ವೇಗವಾಗಿ ಓಡಿಸಿ, ಬ್ರೇಕು ಕಾದಿರುವಾಗಲೇ ಇಳಿಜಾರಿನಲ್ಲಿ ನಿಲ್ಲಿಸಿದರೆ, ಕಾವಿನಿಂದ ಹಿಗ್ಗಿದ ಡಿಸ್ಕು ಮತ್ತು ಪ್ಯಾಡುಗಳು ಆರುತ್ತಾ ಕುಗ್ಗುತ್ತವೆ. ಆಗ ಹಿಡಿತ ಸಡಿಲವಾಗಿ, ನಿಲ್ಲಿಸಿ ಸ್ವಲ್ಪ ಹೊತ್ತಾದ ಮೇಲೆ, ಮಾಲೀಕರು ಅಲ್ಲಿ ಇಲ್ಲದಿರುವಾಗ ಕಾರು ಹೊರಡುವ ಸಂಭವವಿದೆ. ಉಚ್ಚಂಗಿದುರ್ಗದ ಗುಡ್ಡದ ಬುಡದಲ್ಲಿಯಾಗಲಿ ನದಿಯ ದಂಡೆಯಲ್ಲಿಯಾಗಲಿ ನಿಲ್ಲಿಸುವಾಗ, ಏರುಮುಖವಾದರೆ ಒಂದನೇ ಗೇರು, ಇಳಿಮುಖವಾದರೆ ರಿವರ್ಸ್ ಗೇರು ಹಾಕಿ, ಮುಂಚಕ್ರಗಳನ್ನು ರಸ್ತೆಯ ಅಂಚಿನ ಕಡೆಗೆ ತಿರುಗಿಸಿಡುವುದು. ಗೇರು ಕೈಬ್ರೇಕಿಗೆ ಸಹಾಯಕ ಮಾತ್ರ, ಬದಲಿಯಲ್ಲ.

ಜೀಪು, ಟ್ರ್ಯಾಕ್ಟರು ಮತ್ತು ಲಾರಿ

ಹಳೆಯ ಕಾಲದ ಜೀಪುಗಳಲ್ಲಿ ಕೈಬ್ರೇಕು ಚಕ್ರಗಳನ್ನು ಹಿಡಿಯುವುದಿಲ್ಲ. ಗೇರ್‌ಬಾಕ್ಸಿನ ಹಿಂದೆ, ಹಿಂಚಕ್ರಗಳಿಗೆ ಚಾಲನೆ ಒಯ್ಯುವ ಶಾಫ್ಟಿನ ಮೇಲಿರುವ ಡ್ರಮ್ಮನ್ನು ಹಿಡಿಯುತ್ತದೆ. ಇಂಥ ಜೀಪಿನ ಒಂದು ಹಿಂಚಕ್ರವನ್ನು ಜಾಕಿಯಿಂದ ಎತ್ತಿದ ಕೂಡಲೇ, ಡಿಫರೆನ್ಷಿಯಲ್ಲಿನ ಮೂಲಕ ಎತ್ತಿದ ಚಕ್ರ ಹಿಮ್ಮುಖವಾಗಿ ತಿರುಗುತ್ತಾ ನೆಲದ ಮೇಲಿನ ಚಕ್ರವನ್ನು ಉರುಳಲು ಬಿಡುತ್ತದೆ. ಕೈಬ್ರೇಕು ಎಷ್ಟೇ ಚೆನ್ನಾಗಿದ್ದರೂ ಆಗ ಅದು ಇಲ್ಲದಂತೆ. ಪಂಕ್ಚರ್ ತೆಗೆಯುವಾಗ ಜೀಪು ಜಾಕಿಯಿಂದ ಬೀಳುವುದಕ್ಕೆ ಇದೊಂದು ಕಾರಣವಾದ್ದರಿಂದ, ಕಲ್ಲು ಕೊಡದೆ ಚಕ್ರ ಎತ್ತತಕ್ಕದ್ದಲ್ಲ.

ಟ್ರ್ಯಾಕ್ಟರಿನಲ್ಲಿ ಎಡ ಬಲ ಬ್ರೇಕ್ ಪೆಡಲುಗಳೆರಡನ್ನೂ ಕೊಂಡಿಯಿಂದ ಜೋಡಿಸಿ ಒತ್ತಿದ ಮೇಲೆ ನಿಲುಗಡೆ ಕೊಕ್ಕೆ ಹಾಕಬೇಕು. ಹೊಲದಲ್ಲಿ ತಿರುಗಲು ಕೊಂಡಿ ಬಿಚ್ಚಿ, ಹಾಗೆಯೇ ರಸ್ತೆಗೆ ಬರುವವರಲ್ಲಿ ಕೊಕ್ಕೆಯು ಒಂದೇ ಚಕ್ರವನ್ನು ಹಿಡಿದಿರುತ್ತದೆ. ಮೈಲಾರದ ಜಾತ್ರೆಯ ಕಾಲದಲ್ಲಿ ಜನ ತುಂಬಿದ ಟ್ರೇಲರುಗಳು ಒಂದರ ಹಿಂದೊಂದು ನಿಲ್ಲುತ್ತವೆ. ಟ್ರೇಲರಿಗೆ ಸ್ವಂತ ಬ್ರೇಕು ಇಲ್ಲದಿದ್ದಲ್ಲಿ ಅದರ ಚಕ್ರಗಳಿಗೆ ಪ್ರತ್ಯೇಕವಾಗಿ ಕಲ್ಲು ಕೊಡುವುದು, ಹೊರಡುವಾಗ ಆ ಕಲ್ಲನ್ನು ರಸ್ತೆಯಿಂದ ತೆಗೆದು ಬದಿಗಿಡುವುದು ಚಾಲಕರ ಜವಾಬ್ದಾರಿ.

ಗಾಳಿಬ್ರೇಕಿನ ಲಾರಿ, ಬಸ್ಸುಗಳಲ್ಲಿ ನಿಲುಗಡೆ ಬ್ರೇಕನ್ನು ಹಿಡಿಯುವುದು ಪ್ರಬಲವಾದ ಸ್ಪ್ರಿಂಗು, ಬಿಡಿಸುವುದು ಗಾಳಿ. ಆ ಸ್ಪ್ರಿಂಗಿನ ಡಬ್ಬಿಯನ್ನು ತರಬೇತಿ ಇಲ್ಲದವರು ಬಿಚ್ಚಿದರೆ ಗುಂಡಿನಂತೆ ಸಿಡಿದು ಪ್ರಾಣಹಾನಿಯಾಗುತ್ತದೆ. ಇದನ್ನು ಅಧಿಕೃತ ಕಾರ್ಯಾಗಾರದ ಹೊರತು ಬೇರೆಲ್ಲಿಯೂ ಬಿಚ್ಚಿಸತಕ್ಕದ್ದಲ್ಲ.

ಅರ್ಜಿದಾರರಿಗೆ ಸೂಚನೆಗಳು

ಸ್ವಂತ ಬಳಕೆಯ ಕಾರುಗಳ ನೋಂದಣಿಯು 15 ವರ್ಷಗಳವರೆಗೆ ಊರ್ಜಿತವಾಗಿದ್ದು, ಆ ಬಳಿಕ 5 ವರ್ಷಗಳಿಗೆ ನವೀಕರಿಸಲಾಗುತ್ತದೆ. ನಮೂನೆ-25ರಲ್ಲಿ, ಅವಧಿ ಮುಗಿಯುವ ಮುನ್ನಿನ 60 ದಿನಗಳೊಳಗೆ ಅರ್ಜಿ ಸಲ್ಲಿಸತಕ್ಕದ್ದು. ಜನರು ಎಫ್.ಸಿ. ಎಂದು ಕರೆಯುವ ಅರ್ಹತಾ ಪತ್ರವನ್ನು ಸಾರಿಗೆ ವಾಹನಗಳಿಗೆ ನಿಯಮ 62ರಂತೆ, ವಾಹನಕ್ಕೆ 8 ವರ್ಷಗಳಾಗುವವರೆಗೆ 2 ವರ್ಷಗಳಿಗೊಮ್ಮೆ, ಅನಂತರ ಪ್ರತಿ ವರ್ಷ ನವೀಕರಿಸಿಕೊಳ್ಳಬೇಕು. ಎರಡೂ ತಪಾಸಣೆಗಳಲ್ಲಿ ಬ್ರೇಕು ವ್ಯವಸ್ಥೆಯನ್ನು ನೋಡಲಾಗುತ್ತದೆ. ಯಂತ್ರಚಾಲಿತ ಪರೀಕ್ಷಾ ಕೇಂದ್ರಗಳಲ್ಲಿ ಚಕ್ರಗಳನ್ನು ತಿರುಗುವ ರೋಲರುಗಳ ಮೇಲೆ ನಿಲ್ಲಿಸಿ ಬ್ರೇಕಿನ ಬಲವನ್ನು ಅಳೆಯುವುದರಿಂದ, ಸನ್ನೆ ಬಿಗಿಯಾಗಿ ಕಾಣುವಂತೆ ಮಾಡಿಕೊಂಡು ಬಂದ ವಾಹನಕ್ಕೆ ಅಲ್ಲಿ ಅನುಕೂಲವೇನೂ ಆಗದು.

ದುರಸ್ತಿಯನ್ನು ತಪಾಸಣೆಯ ಹಿಂದಿನ ದಿನ ಮಾಡಿಸದೆ ಒಂದೆರಡು ವಾರ ಮೊದಲೇ ಮಾಡಿಸುವುದು ಒಳಿತು. ಹೊಸ ಲೈನರು ಡ್ರಮ್ಮಿಗೆ ಪೂರ್ತಿ ಹೊಂದಿಕೊಳ್ಳಲು ಕೆಲವು ದಿನಗಳ ಓಡಾಟ ಬೇಕಾಗುತ್ತದೆ, ಅಲ್ಲಿಯವರೆಗೆ ಹಿಡಿತ ಕಡಿಮೆಯೇ ಇರುತ್ತದೆ. ಬಿಡಿಭಾಗಗಳ ಬಿಲ್ಲನ್ನು ಕೇಳಿ ಪಡೆದು ವಾಹನದ ದಾಖಲೆಗಳೊಂದಿಗೆ ಇಟ್ಟುಕೊಳ್ಳುವುದು. ಬದಲಾಯಿಸಿದ ಹಳೆಯ ಭಾಗವನ್ನೂ ಕೇಳಿ ಪಡೆದರೆ ಅದು ನಿಜವಾಗಿಯೂ ಬದಲಾಗಿದೆಯೆಂಬುದು ಮಾಲೀಕರಿಗೆ ಖಾತ್ರಿಯಾಗುತ್ತದೆ.

ಚಾಲನಾ ಅನುಜ್ಞಾಪತ್ರದ ಅರ್ಜಿದಾರರಿಗೂ ಈ ವಿಷಯ ಸಂಬಂಧಿಸಿದೆ. ನಿಯಮ 15ರಂತೆ ನಡೆಯುವ ಪರೀಕ್ಷೆಯಲ್ಲಿ, ಕಡಿದಾದ ಏರಿನಲ್ಲಿ ವಾಹನವನ್ನು ನಿಲ್ಲಿಸಿ, ಕೈಬ್ರೇಕನ್ನು ಅಥವಾ ಆಕ್ಸಿಲರೇಟರು ಹಾಗೂ ಕಾಲುಬ್ರೇಕನ್ನು ಸರಿಯಾಗಿ ಬಳಸಿ, ಹಿಂದಕ್ಕೆ ಜಾರದಂತೆ ಮತ್ತೆ ಹೊರಡಿಸಿ ತೋರಿಸಬೇಕು. ಪರೀಕ್ಷೆಗೆ ಒಯ್ಯುವ ಕಾರಿನ ಕೈಬ್ರೇಕು ದುರ್ಬಲವಾಗಿದ್ದರೆ ಅಭ್ಯರ್ಥಿಯು ಎಷ್ಟೇ ಅಭ್ಯಾಸ ಮಾಡಿದ್ದರೂ ಕಾರು ಜಾರುತ್ತದೆ. ತರಬೇತಿ ಶಾಲೆಯ ಕಾರನ್ನೇ ಒಯ್ಯುವವರು, ಸರದಿ ಬರುವ ಮೊದಲು ಸನ್ನೆಯನ್ನು ಒಮ್ಮೆ ಎಳೆದು ಎಣಿಸಿ ನೋಡಿಕೊಳ್ಳುವುದು.

ಗುಂಡಿ ಒತ್ತಿದರೆ ಹಿಡಿಯುವ ವಿದ್ಯುನ್ಮಾನ ಕೈಬ್ರೇಕುಳ್ಳ ಹೊಸ ಕಾರುಗಳಲ್ಲಿ, ಪ್ಯಾಡು ಬದಲಾಯಿಸುವ ಮೊದಲು ಮೋಟಾರನ್ನು ದುರಸ್ತಿ ಸ್ಥಿತಿಗೆ ತರಬೇಕಾಗುತ್ತದೆ. ಇದನ್ನು ತಯಾರಕರ ಸೂಚನೆಯಂತೆ, ಅಗತ್ಯ ಉಪಕರಣ ಇರುವ ಕಡೆಯಲ್ಲಿಯೇ ಮಾಡಿಸತಕ್ಕದ್ದು. ಬ್ಯಾಟರಿ ಪೂರ್ತಿ ಇಳಿದಿರುವಾಗ ಈ ಬ್ರೇಕನ್ನು ಹಾಕಲೂ ಬಿಡಿಸಲೂ ಆಗದಿರಬಹುದಾದ್ದರಿಂದ, ಇಂಥ ಕಾರಿನ ಡಿಕ್ಕಿಯಲ್ಲಿಯೂ ಎರಡು ಮರದ ತುಂಡುಗಳನ್ನು ಇಟ್ಟುಕೊಳ್ಳುವುದು.